ನಡುದಾರಿಯಲ್ಲಿ ನಿಂತ ಎತ್ತಿನ ಹಾಡು

೧೧ ಜುಲೈ ೧೯೪೮, ರವಿವಾರ. ಕಲಬುರಗಿ

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ಅವ್ವ ಕಲಿಸಿದ್ದಳು. ಬರೆಯಬಾರದು ಎಂದು ಹೇಳಿರಲಿಲ್ಲ. ನಾನು ಬರೆಯಲು ಕಲಿಯುತ್ತೇನೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲವೇನೋ. ಆದ್ದರಿಂದ ಬರೆಯುತ್ತೇನೆ. ಗುರುಲಿಂಗಪ್ಪ. ಊರಿನ ಜಗತ್ ಓಣಿಯಲ್ಲಿ ಚಹಾದ ಹೋಟೆಲು ಇಟ್ಟಿರುವ ಗುರುಲಿಂಗಪ್ಪ. ನಿನ್ನೆ ಸಂಜೆ ಹಿಂದಿನ ಬಾಗಿಲಿನಿಂದ ಹೋದವರು, ಎಲ್ಲಿ ಮುಟ್ಟಿದರೋ ಸುದ್ದಿಯಿಲ್ಲ.

ಎಲ್ಲ ಆದದ್ದು ಅವರ ಬಾಯಿಯಿಂದ ಮತ್ತು ನನ್ನ ಸವತಿಯಿಂದ. ಸವತಿ ಎಂದರೆ ಹೋಟೆಲಿನಲ್ಲಿರುವ ಹಾಡಿನ ಪೇಟಿ. ಜರ್ಮನ್ ದೇಶದ್ದು. ಆಳೆತ್ತರದ ಮರದ ಪೆಟ್ಟಿಗೆ, ಮುಂದೆ ಗಾಜಿನ ಬಾಗಿಲು, ಒಳಗೆ ರೊಟ್ಟಿ ಹಂಚಿಗಿಂತ ದೊಡ್ಡದಾದ ತೂತುತೂತಿನ ಉಕ್ಕಿನ ತಗಡು. ಪಕ್ಕದ ಹಿಡಿಕೆ ತಿರುಗಿಸಿ ಕೀಲಿ ಕೊಡಬೇಕು. ಸೀಳಿನಲ್ಲಿ ಪೈಸೆ ಹಾಕಿದರೆ ತಗಡು ತಿರುಗುತ್ತ ಉಕ್ಕಿನ ಬಾಚಣಿಗೆಯ ಹಲ್ಲುಗಳನ್ನು ಮೀಟುತ್ತದೆ. ಹಾಡು ಮುಗಿದರೆ ತಾನೇ ನಿಲ್ಲುತ್ತದೆ. ಗ್ರಾಮಾಫೋನಿನ ಹಾಗೆ ಮನುಷ್ಯರ ದನಿ ಇಲ್ಲ, ಬರೀ ಗಂಟೆ ಮೀಟಿದ ಹಾಗೆ ನಾದ. ಒಬ್ಬ ಜಾಗೀರದಾರರ ಹವೇಲಿಯ ಸಾಮಾನು ಹರಾಜಾದಾಗ, ನನ್ನ ಪಾಟಲಿ ಬಳೆಗೆಂದು ತೆಗೆದಿಟ್ಟ ಹಣದಲ್ಲಿ ಇವರು ಅದನ್ನು ತಂದರು. ಅದರ ಹಿಡಿಕೆಯನ್ನು ನನಗೆ ಒಂದು ದಿನವೂ ಮುಟ್ಟಗೊಡಲಿಲ್ಲ. ಸವತಿ ಎನ್ನದೆ ಏನೆನ್ನಲಿ?

ಅದು ಹಾಡುವುದು ಕಲ್ದಾರ ಪೈಸೆಗೆ ಮಾತ್ರ, ಅಂದರೆ ಇಂಗ್ಲಿಷರ ದೊಡ್ಡ ತಾಮ್ರದ ಪೈಸೆಗೆ. ನಮ್ಮ ನಿಜಾಮರ ಹಾಲಿ ದುಡ್ಡು ಹಗುರ. ಒಳಗಿನ ಸನ್ನೆಯನ್ನು ಬಗ್ಗಿಸುವಷ್ಟು ಭಾರ ಅದಕ್ಕಿಲ್ಲ. ಅದಕ್ಕೇ ಇವರು ಗಲ್ಲೆಯ ಮೇಲೆ ಒಂದು ಬಟ್ಟಲಲ್ಲಿ ಕಲ್ದಾರ ಪೈಸೆ ಇಟ್ಟಿರುತ್ತಾರೆ. ಶುಕ್ರವಾರ ನಿಜಾಮರ ಪರ ಬಡಿಗೆ ಹಿಡಿದು ತಿರುಗುವ ರಜಾಕಾರರ ಹುಡುಗನೊಬ್ಬ ಬಂದು ಹಾಲಿ ದುಡ್ಡು ಹಾಕಿ ಕಾದ. ಪೇಟಿ ಸುಮ್ಮನಿತ್ತು. ಇವರೂ ಸುಮ್ಮನಿರಬಹುದಿತ್ತು.

"ಏನ್ ಮಾಡೂದ್ರಿ ಸಾಹೇಬ್ರ, ನಮ್ಮ ಪೇಟಿ ನಿಜಾಮರ ದುಡ್ಡಿಗಿ ಹಾಡಂಗಿಲ್ಲ" ಎಂದರು.

ಚಹಾ ಕುಡಿಯುತ್ತ ಕುಳಿತವರೆಲ್ಲ ನಕ್ಕರು. ಹುಡುಗ ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಿನ್ನೆ ಸಂಜೆ ಗಡಿಯಾರ ರಿಪೇರಿಯ ಸಾಬ ಖಮರುದ್ದೀನ್ ಬಂದ. ಪೇಟಿಯನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಡುವವನು ಅವನೇ. ಇವರ ಕಿವಿಯಲ್ಲಿ ಏನೋ ಹೇಳಿ ಹೋದ. ಇವರ ಮುಖ ಬಿಳಿಚಿಕೊಂಡಿತು. "ಸೋಲಾಪುರ ಕಡಿ ಹೋಗಿ ಬರ್ತೀನಿ. ಎಂಟ್ಹತ್ತು ದಿನ. ಓಣ್ಯಾಗ ನಿಂತವ್ರಿಗಿ ಹೋಟೆಲ್ ನಡದದ ಅಂತ ಅನಸ್ಲಿ" ಎಂದು ಒಂದು ಪೈಸೆ ಹಾಕಿ, ಹಾಡು ಶುರುವಾದದ್ದೇ ಹಿಂದಿನ ಬಾಗಿಲಿನಿಂದ ಹೊರಟರು. ಅವಸರದಲ್ಲಿ ಕೀಲಿ ಕೊಡಲು ಮರೆತಿದ್ದರು. ಹಾಡು ನಡುವೆಯೇ ನಿಂತುಬಿಟ್ಟಿತು. ಹಾಡು ನಿಂತದ್ದಕ್ಕೇ ಹೊರಗೆ ಕಾದಿದ್ದ ರಜಾಕಾರರು ಒಳಗೆ ನುಗ್ಗಿದರು. ಹಾಲು ತರಲು ಹೋಗಿದ್ದಾರೆ ಎಂದೆ. ಕಪ್ಪುಬಸಿ ಒಡೆದು ಹೋದರು.

ಆ ಹಾಡಿಗೆ ಇವರು ಎತ್ತಿನ ಹಾಡು ಎಂದು ಹೆಸರಿಟ್ಟಿದ್ದರು. ಮೊದಲು ನಿಧಾನ. ಆಮೇಲೆ, ಸಂಜೆ ಹೊತ್ತು ಮನೆ ಹತ್ತಿರವಾದ ಎತ್ತುಗಳು ಕೊರಳಗಂಟೆ ಆಡಿಸುತ್ತ ಓಡಿಬರುವಂತೆ ಚುರುಕಾಗುತ್ತದೆ. ಚುರುಕಾಗುವ ಮೊದಲೇ ನಿಂತಿದೆ.

ಊರಿಗೆ ಹೋದವರ ಬೆನ್ನಿಗೇ ಕಸ ಗುಡಿಸಬಾರದು ಎನ್ನುತ್ತಾರೆ. ಒಡೆದ ಕಪ್ಪಿನ ಚೂರುಗಳನ್ನೂ ನಾನು ಗುಡಿಸಿಲ್ಲ. ಪೇಟಿಯನ್ನೂ ಯಾರಿಗೂ ಮುಟ್ಟಗೊಡುವುದಿಲ್ಲ. ಅವರು ಹಚ್ಚಿದ ಹಾಡು ಅವರೇ ಬಂದು ಮುಗಿಸಲಿ. ಮುಗಿಸದೆ ಎಲ್ಲಿ ಹೋಗುತ್ತಾರೆ?

೧೫ ಜುಲೈ, ಗುರುವಾರ

ಹಿಂದಿನ ಬಾಗಿಲಿಗೆ ಚಿಲಕ ಹಾಕಿಲ್ಲ. ನಿದ್ದೆಯೂ ಇಲ್ಲ.

೨೦ ಜುಲೈ, ಮಂಗಳವಾರ

ಗಡಿಯಾರದ ಸಾಬ ಬಂದಿದ್ದ. ಮುಖ ನೋಡಲು ಮನಸ್ಸಿರಲಿಲ್ಲ. ಅವನು ಬಂದ, ಇವರು ಹೋದರು. ಇಷ್ಟು ನನಗೆ ಗೊತ್ತು. ರಜಾಕಾರರ ಕಡೆಯವನೇ ಅಲ್ಲವೇ? ಕಿವಿಯಲ್ಲಿ ಏನು ಊದಿದನೋ, ಅತ್ತ ಹೋಗಿ ಅವರಿಗೆ ಏನು ಊದಿದನೋ.

ಬಂದವನು ಇವರ ಸುದ್ದಿ ಕೇಳುವ ಮೊದಲು ಗಾಜಿನೊಳಗೆ ಇಣುಕಿದ.

"ಅಕ್ಕಾರ, ಕೀಲಿ ಕೊಟ್ಟು ಹಾಡು ಮುಗಸ್ರಿ. ಪೈಸಾ ಹಾಕೂದೂ ಬ್ಯಾಡ, ಹಿಂದಿನ ಪೈಸಾ ಇನ್ನಾ ಸನ್ನಿ ಮ್ಯಾಲೇ ಕುಂತದ. ಕೀಲಿ ಸಿಕ್ಕ ಕೂಡ್ಲೇ ನಿಂತಲ್ಲಿಂದ ಮುಂದ ಹಾಡ್ತದ. ಹಿಂಗೇ ಬಿಟ್ರ ಕೆಟ್ಟದ್ರಿ. ಕೆಲ ಹಲ್ಲು ಎತ್ತಿ ಹಿಡದಂಗ ನಿಂತಾವ. ಉಕ್ಕಾದ್ರೂ ಎಷ್ಟು ದಿನ ತಡೀತದ? ಒಂದ್ ದಿನ ಟಣ್ ಅಂತ ಮುರೀತಾವ."

"ಮುರೀಲಿ" ಎಂದೆ.

"ಹಂಗನಬ್ಯಾಡ್ರಿ. ಇಡೀ ರಿಯಾಸತ್ತಿನಾಗ ಇಂಥಾವು ಎರಡೇ ಅವ. ಹೈದರಾಬಾದಿನ ನವಾಬರ ದೇವಡ್ಯಾಗ ಒಂದದ, ಅದು ಮೂಕ ಆಗಿ ವರ್ಷ ಆಯ್ತು. ಹಾಡೂದು ಇದೊಂದೇ."

"ನನ್ನ ಗಂಡನೂ ಇಡೀ ರಿಯಾಸತ್ತಿನಾಗ ಒಬ್ಬನೇ ಸಾಬ್ರ" ಎಂದೆ.

ತಲೆ ತಗ್ಗಿಸಿ ಹೋದ. ಹೋಗಲಿ.

೨೮ ಜುಲೈ, ಬುಧವಾರ. ಮಹಾಗಾಂವ

ಕಲಬುರಗಿ ಬಿಟ್ಟೆ. ಮೊನ್ನೆ ರಜಾಕಾರರು ಮತ್ತೆ ಬಂದು ಹೋಟೆಲಿಗೆ ಬೀಗ ಹಾಕುತ್ತೇವೆ, ಗಂಡನನ್ನು ತಂದು ಒಪ್ಪಿಸು ಎಂದರು. ಅವರನ್ನು ತಂದುಕೊಡುವ ಶಕ್ತಿ ನನಗಿದ್ದಿದ್ದರೆ ನಾನೇ ಮೊದಲು ಇಟ್ಟುಕೊಳ್ಳುತ್ತಿರಲಿಲ್ಲವೇ? ಕಮಲಾಪುರದಲ್ಲಿ ನನ್ನ ತವರುಮನೆ ಇದೆ. ಅಪ್ಪ ಅವ್ವ ಹೋದ ಮೇಲೆ ಅಲ್ಲಿ ಉಳಿದವಳು ಸೋದರತ್ತೆ ಗುಂಡಮ್ಮ ಒಬ್ಬಳೇ. ಅಲ್ಲಿಗೆ ಹೊರಟಿದ್ದೇನೆ.

ಬಂಡಿ ಮಾಪಣ್ಣನದು. ಪೇಟಿ ಬಿಟ್ಟು ಬರುವುದಿಲ್ಲ ಎಂದು ನಾನು ಹಟ ಹಿಡಿದಾಗ ಅವನು, "ಅವ್ವಾರ, ಇದು ಪೇಟಿ ಅಲ್ರಿ, ಗೂಡಿನ ಸಮೇತ ದೇವರು" ಎಂದು ಗೊಣಗಿದ. ಯಾರು ಹೇಳಿ ಕಳಿಸಿದರೋ, ಗಡಿಯಾರದ ಸಾಬ ಹಾಜರಾದ. ಗಾಳಿಚಕ್ರದ ಸಂದಿಗೆ ಬಟ್ಟೆ ಸಿಕ್ಕಿಸಿ ತಗಡು ಅಲುಗದ ಹಾಗೆ ಮಾಡಿದ. ಜೋಳದ ಕಣಿಕೆ ಹಾಸಿ ಪೇಟಿಯನ್ನು ಅಂಗಾತ ಮಲಗಿಸಿದ. ಹಾಡು ನಿಂತ ಜಾಗ ಒಂದು ಕೂದಲೆಳೆಯಷ್ಟೂ ಸರಿದಿಲ್ಲ ಎಂದು ನನಗೆ ಗಾಜಿನಲ್ಲಿ ತೋರಿಸಿದ. ಕೂಲಿ ಕೇಳಲಿಲ್ಲ. ಪಾಪಪ್ರಜ್ಞೆ ಇರಬೇಕು.

ಬಟ್ಟಲಲ್ಲಿದ್ದ ಕಲ್ದಾರ ಪೈಸೆಗಳನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದೇನೆ. ಕಪ್ಪಿನ ಚೂರುಗಳನ್ನೂ ಒಂದು ಬಟ್ಟೆಯಲ್ಲಿ ಕಟ್ಟಿ ತಂದಿದ್ದೇನೆ. ಎತ್ತುಗಳಿಗೆ ನೀರು ಕುಡಿಸಲು ಇಲ್ಲಿ ನಿಲ್ಲಿಸಿದ್ದಾನೆ. ಮಾಪಣ್ಣನ ಎತ್ತುಗಳಿಗೂ ಕೊರಳಗಂಟೆ ಇವೆ, ಅದೊಂದು ಬೇರೆ ಹಿಂಸೆ.

೯ ಆಗಸ್ಟ್, ಸೋಮವಾರ. ಕಮಲಾಪುರ

ಪಂಚಮಿ. ಗುಂಡಮ್ಮತ್ತೆ ಬಲವಂತ ಮಾಡಿ ಜೋಕಾಲಿ ಹತ್ತಿಸಿದಳು. ಎಳ್ಳಿನ ಉಂಡಿ, ಶೇಂಗಾ ಉಂಡಿ ಕಟ್ಟಿದೆವು. ಇವರಿಗೆ ಎಳ್ಳಿನದು ಇಷ್ಟ. ಒಂದು ಡಬ್ಬಿ ತೆಗೆದಿಟ್ಟಿದ್ದೇನೆ, ಇರುವೆ ಬರದಂತೆ ನೀರಿನ ಪರಾತದಲ್ಲಿ. ಇವತ್ತು ಯಾಕೋ ಮನಸ್ಸು ಹಗುರವಾಗಿತ್ತು. ಗಡಿ ಆಚೆ ನಿಜಾಮರ ವಿರುದ್ಧ ಹೋರಾಡುವ ನಮ್ಮವರ ಕ್ಯಾಂಪುಗಳಿವೆಯಂತೆ, ಅಲ್ಲಿ ಊಟಕ್ಕೆ ಕೊರತೆ ಇಲ್ಲವಂತೆ. ಚೆನ್ನಾಗಿ ಉಂಡು ಹೊಟ್ಟೆ ಬೆಳೆಸಿಕೊಂಡು ಬರುತ್ತಾರೆ ನೋಡು ಎಂದೆ. ಅತ್ತೆ ನಕ್ಕಳು.

ಊರಿನವರಿಗೆಲ್ಲ ಪೇಟಿ ನೋಡುವ ಹುಚ್ಚು. ಪಡಸಾಲೆಯಲ್ಲಿ ನಿಲ್ಲಿಸಿದ್ದೇವೆ. "ಹಾಡಸ್ರಿ, ಹಾಡಸ್ರಿ" ಎನ್ನುತ್ತಾರೆ. ಅವರು ಬಂದು ಕೀಲಿ ಕೊಟ್ಟ ದಿನ ಹಾಡುತ್ತದೆ, ಅಲ್ಲಿಯವರೆಗೆ ಯಾರು ಮುಟ್ಟಿದರೂ ಕೈ ಮುರಿಯುತ್ತೇನೆ ಎಂದು ಸಾರಿಬಿಟ್ಟೆ. ಈಗ ಕಮಲಾಪುರದ ಕೂಸುಕುನ್ನಿಗೂ ಈ ಮಾತು ಗೊತ್ತು.

೨೧ ಆಗಸ್ಟ್, ಶನಿವಾರ

ಮಧ್ಯಾಹ್ನ ಜೋಳ ಹಸನು ಮಾಡುತ್ತ ಕುಳಿತಿದ್ದೆ. ಪಡಸಾಲೆಯಲ್ಲಿ ಟಣ್ ಎಂದಿತು. ಯಾರೂ ಇಲ್ಲ, ಬೆಕ್ಕೂ ಇಲ್ಲ. ಗಾಜಿನಲ್ಲಿ ನೋಡಿದರೆ ಬಾಚಣಿಗೆಯ ಒಂದು ಹಲ್ಲು ಮುರಿದು ಕೆಳಗೆ ಬಿದ್ದಿದೆ. ಅವನು ಹೇಳಿದ್ದ.

ಅಪಶಕುನ ಎಂದು ಅತ್ತೆ ಹೇಳಲಿಲ್ಲ. ಆದರೆ ದೇವರ ಮುಂದೆ ದೀಪ ಹಚ್ಚಿದಳು. ನಾನು ಮೊರ ಎಸೆದು ಅತ್ತುಬಿಟ್ಟೆ. ಜೋಳವೆಲ್ಲ ಚೆಲ್ಲಾಪಿಲ್ಲಿ. ದೇವರೇ, ಕೈ ಹೋಗಿರಲಿ, ಕಾಲು ಹೋಗಿರಲಿ, ಜೀವ ಇದ್ದರೆ ಸಾಕು. ಅವರ ಆ ಹಾಳು ಬಾಯಿ ಇದ್ದರೆ ಸಾಕು.

೫ ಸೆಪ್ಟೆಂಬರ್, ರವಿವಾರ

ಉಂಡಿಗೆ ಬೂಸಲು ಬಂದಿದೆ. ದನಕ್ಕೆ ಹಾಕಿದೆ. ಬೇರೆ ಮಾಡಲು ಮನಸ್ಸಿಲ್ಲ.

೧೪ ಸೆಪ್ಟೆಂಬರ್, ಮಂಗಳವಾರ

ವಿಮಾನಗಳು ಹೋದವು. ಜನ ಬಾಳೆತೋಟಗಳಲ್ಲಿ ಅಡಗಿದರು. ಹಿಂದುಸ್ಥಾನದ ದಂಡು ಸೋಲಾಪುರದ ಕಡೆಯಿಂದ ಬರುತ್ತಿದೆಯಂತೆ. ಸೋಲಾಪುರದ ಕಡೆಯಿಂದ! ನಾನು ಅಡಗಲಿಲ್ಲ, ಅಂಗಳದಲ್ಲಿ ನಿಂತು ನೋಡಿದೆ. ಇನ್ನೊಂದು ಹಲ್ಲು ಮುರಿದಿದೆ. ಹೋಗಲಿ, ಇನ್ನು ಬರುತ್ತಾರೆ.

೧೮ ಸೆಪ್ಟೆಂಬರ್, ಶನಿವಾರ

ನಿಜಾಮರು ಶರಣಾದರಂತೆ. ಊರೆಲ್ಲ ಕುಣಿಯಿತು. ಎರೆದುಕೊಂಡು ಹಸಿರು ಇಳಕಲ್ಲು ಸೀರೆ ಉಟ್ಟೆ. ಹೋಳಿಗೆಗೆ ಬೇಳೆ ಇಟ್ಟೆ. ಸಂಜೆಯವರೆಗೆ ಹುಮನಾಬಾದಿನ ರಸ್ತೆಗೆ ಹೋಗಿ ನಿಂತಿದ್ದೆ.

೨೨ ಸೆಪ್ಟೆಂಬರ್, ಬುಧವಾರ

ಬಾಳೆತೋಟದವರ ಮಗ ಸೂರ್ಯಕಾಂತ ಕ್ಯಾಂಪಿನಿಂದ ಬಂದಿದ್ದಾನೆ. ಓಡಿ ಹೋದೆ. ಕೊರಳ ತುಂಬ ಹೂವಿನ ಹಾರ, ತಲೆಯ ಮೇಲೆ ಬಿಳಿ ಟೋಪಿ, ಹೆಗಲಿಗೆ ಬಂದೂಕು.

"ನಮ್ಮನಿಯವ್ರು ನಿಮ್ಮ ಸಂಗಟ ಇದ್ರೇನು?" ಎಂದೆ.

ಅವನು ಎಲೆಯಡಿಕೆ ಚೀಲ ಬಿಚ್ಚಿದ, ಮತ್ತೆ ಕಟ್ಟಿದ. "ಗುರುಲಿಂಗಪ್ಪಣ್ಣನಾ? ಇದ್ರು ಅಕ್ಕಾರ. ಮೊದಲಿಗಿ ಇದ್ರು. ಆಮ್ಯಾಲ ಬ್ಯಾರೆ ಟೋಳಿ ಆಯ್ತು. ಬರ್ತಾರ, ಬರ್ತಾರ" ಎಂದು ಗುಂಪಿನೊಳಗೆ ಸೇರಿಕೊಂಡ.

ಇದ್ದರಂತೆ! ಗಡಿ ದಾಟಿದ್ದಾರೆ. ಕಣ್ಣಾರೆ ಕಂಡವನು ಹೇಳಿದ್ದಾನೆ. ಈಗಿನ ಹುಡುಗರಿಗೆ ಒಂದು ಮಾತು ನೆಟ್ಟಗೆ ಹೇಳಲು ಬರುವುದಿಲ್ಲ, ಇರಲಿ. ಹಿಂದಿನ ಟೋಳಿ ಬರುವವರೆಗೆ ತಡೆಯಬೇಕು. ತಡೆಯುವುದು ಹೇಗೆ ಎಂದು ಯಾರಾದರೂ ಹೇಳಿಕೊಟ್ಟರೆ ಒಳ್ಳೆಯದಿತ್ತು. 

೨೬ ಸೆಪ್ಟೆಂಬರ್, ರವಿವಾರ

ಇರುವ ಮನೆಗಳಲ್ಲಿ ನನ್ನ ಮನೆಯೇ ಸಿಗಬೇಕಿತ್ತೇ?

ಬೆಳಗ್ಗೆ ಹಿತ್ತಿಲಲ್ಲಿ ಸದ್ದಾಯಿತು. ಇವರೇ ಎಂದು ಓಡಿದೆ. ಬಾವಿಯ ಹಿಂದೆ ಖಮರುದ್ದೀನ್ ನಿಂತಿದ್ದ. ಗಡ್ಡದಲ್ಲಿ ಹುಲ್ಲು, ಕಾಲಲ್ಲಿ ಚಪ್ಪಲಿ ಇಲ್ಲ. ಅವನ ಹಿಂದೆ ಮಗಳು ಮೆಹಬೂಬಿ, ತುಂಬು ಬಸುರಿ. ಈಗ ಎಲ್ಲ ತಿರುಗಾಮುರುಗಾ ಆಗಿದೆ. ರಜಾಕಾರರು ಮಾಡಿದ್ದಕ್ಕೆ ಸಿಕ್ಕ ಸಿಕ್ಕ ಸಾಬರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾರೆ. ಖಮರುದ್ದೀನನ ಓಣಿಗೆ ಬೆಂಕಿ ಇಟ್ಟರಂತೆ. ಹುಮನಾಬಾದಿನಲ್ಲಿ ಅಳಿಯನ ಮನೆಗೆ ಹೊರಟವರು ಹೊಲಗಳಲ್ಲಿ ನಡೆದು ಇಲ್ಲಿಯವರೆಗೆ ಬಂದಿದ್ದಾರೆ. ಹುಡುಗಿಯ ಪಾದ ಬಾತು ಬಿಂದಿಗೆಯಾಗಿದೆ.

"ಈ ದಾರ್ಯಾಗ ನನಗ ಗೊತ್ತಿದ್ದ ಮನಿ ಇದೊಂದೇ ಅಕ್ಕಾರ" ಎಂದ. "ನನಗ ಬ್ಯಾಡ. ಬೇಟಿಗಿ ಒಂದೆರಡು ದಿನ ನೆರಳು ಕೊಡ್ರಿ."

ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಹುಡುಗಿ ಬಾವಿಕಟ್ಟೆಯ ಮೇಲೆ ಕುಸಿದಳು. ಒಳಗೆ ಕರೆದುಕೊಂಡು ಬಂದೆ, ಬೇರೇನು ಮಾಡಲಿ? ಗುಂಡಮ್ಮತ್ತೆ ಹಣೆ ಬಡಿದುಕೊಂಡಳು. "ದೇವರ ಕ್ವಾಣಿ ಬಾಜೂಕ ಕುಂಡ್ರಸ್ತಿ ಏನ ಅವರನ?" ಎಂದಳು. "ಹೊರಗ ಹಾಕ್ಲೇನು? ನೀನೇ ಹೋಗಿ ಹೇಳು" ಎಂದೆ. ಅತ್ತೆ ಹೇಳಲು ಹೋದವಳು ಹುಡುಗಿಯ ಹೊಟ್ಟೆ ಮುಟ್ಟಿ ನೋಡಿ, ಎಣ್ಣೆ ಕಾಯಿಸಲು ಅಡುಗೆಮನೆಗೆ ನಡೆದಳು.

ಒಂದೆರಡು ದಿನ ಅಷ್ಟೇ.

೨೯ ಸೆಪ್ಟೆಂಬರ್, ಬುಧವಾರ

ಒಳಕೋಣೆಯಲ್ಲಿ ಜೋಳದ ಕಣಜದ ಹಿಂದೆ ಇಬ್ಬರನ್ನೂ ಇಟ್ಟಿದ್ದೇವೆ. ಹುಡುಗಿಗೆ ನನ್ನ ಕೌದಿ ಕೊಟ್ಟೆ, ನನಗೆ ಹೇಗೂ ನಿದ್ದೆಯಿಲ್ಲ. ಖಮರುದ್ದೀನ್ ಸದ್ದಿಲ್ಲದೆ ಪಡಸಾಲೆಗೆ ಬಂದು, ಗಾಜಿನಲ್ಲಿ ಮುರಿದ ಹಲ್ಲು ನೋಡಿ ನಿಂತಿದ್ದರು. ನಾನು ಹೇಳಿರಲಿಲ್ಲವೇ ಎನ್ನಲಿಲ್ಲ.

ಇವತ್ತು ಕೇಳಿಯೇಬಿಟ್ಟೆ. "ಅವತ್ತು ಅವರ ಕಿವ್ಯಾಗ ಏನ್ ಹೇಳಿದ್ರಿ?"

"ಇವತ್ತೇ ಹಿಡೀತಾರ, ಓಡು ಅಂದೆ. ಮಸೀದಿ ಕಟ್ಟಿ ಮ್ಯಾಲ ಹುಡುಗ್ರು ಮಾತಾಡೂದು ಕೇಳಿದ್ದೆ. ಪೇಟಿ ಹಚ್ಚಿ ಹಿಂದಿನ ಬಾಗಲಿಂದ ಹೋಗು, ಹಾಡು ಕೇಳ್ಸೂತನ ಯಾರೂ ಒಳಗ ಬರಂಗಿಲ್ಲ ಅಂದೆ." ಆಮೇಲೆ, "ಹಚ್ಚು ಅಂದೆ ಅಕ್ಕಾರ. ಕೀಲಿ ಕೊಡು ಅನ್ನೂದು ಮರತೆ. ಖುದಾ ಕಸಮ್, ಅದೊಂದೇ ನನ್ನ ತಲ್ಯಾಗ ತಿರಗ್ತದ" ಎಂದರು.

ಅವರ ರೊಟ್ಟಿಗೆ ಇನ್ನೊಂದು ಮುದ್ದೆ ಬೆಣ್ಣೆ ಹಾಕಿದೆ.

೩ ಅಕ್ಟೋಬರ್, ರವಿವಾರ

ನಿನ್ನೆ ಬರೆಯಲಾಗಲಿಲ್ಲ. 

ನಿನ್ನೆ ಬೆಳಗಿನಿಂದ ಮೆಹಬೂಬಿಗೆ ಬೇನೆ. ಅತ್ತೆ ಒಳಗಿದ್ದಳು. ಹುಡುಗಿಯ ಬಾಯಲ್ಲಿ ಬಟ್ಟೆ ಕೊಟ್ಟಿದ್ದೆವು. ರೊಟ್ಟಿ ಹೊತ್ತಿಗೆ ಸೂರ್ಯಕಾಂತ ಬಂದ, ಜೊತೆಗೆ ಬಡಿಗೆ ಹಿಡಿದ ಏಳೆಂಟು ಜನ. ಅರ್ಧ ಜನ ನಮ್ಮೂರವರಲ್ಲ. ಪಡಸಾಲೆಯ ಕಟ್ಟೆಯವರೆಗೆ ಬಂದರು. "ಅಕ್ಕಾರ, ನಿಮ್ಮ ಹಿತ್ತಲ ಕಡಿ ಒಬ್ಬ ಸಾಬಂದೂ ಒಂದು ಹೆಣ್ಮಗಳದೂ ಸುಳಿವು ಹತ್ತ್ಯಾದ. ನಿಮ್ಮ ಮನ್ಯಾಗ ಅಡಗ್ಯಾರೇನು ಅಂತ ಒಂದ್ ಸಲ ನೋಡಿ ಹೋಗ್ತೀವಿ" ಎಂದ. ಇಲ್ಲಿ ಯಾರೂ ಇಲ್ಲ, ಅತ್ತೆಗೆ ಮೈಯಲ್ಲಿ ಹುಷಾರಿಲ್ಲ ಎಂದೆ. ಒಬ್ಬ ಕಟ್ಟೆ ಹತ್ತಿದ. ಆಗ ಒಳಗೆ ಹುಡುಗಿ ನರಳಲು ಶುರುಮಾಡಿದಳು. ಬಟ್ಟೆ ಉಗುಳಿದ್ದಳು. ಮುಂದೆ ಬರುವುದು ಕೂಗು ಎಂದು ಹ್ಯಾಂಗೋ ಗೊತ್ತಾಯಿತು.

ನಾನು ಪೇಟಿಗೆ ಆನಿಕೊಂಡು ನಿಂತಿದ್ದೆ. ಏನನ್ನೂ ವಿಚಾರ ಮಾಡಲಿಲ್ಲ. ಹಿಡಿಕೆ ಹಿಡಿದು ತಿರುಗಿಸಿದೆ. ಬಿಗಿಯಾಗಿತ್ತು, ಎರಡೂ ಕೈ ಹಚ್ಚಿ ತಿರುಗಿಸಿದೆ. ಗಾಳಿಚಕ್ರದ ಬಟ್ಟೆ ಕಿತ್ತೆ. ಎತ್ತಿನ ಹಾಡು ನಿಂತಲ್ಲಿಂದ ಹೊರಟಿತು. ಚುರುಕಿನ ಭಾಗ. ಮುರಿದ ಹಲ್ಲಿನ ಜಾಗದಲ್ಲಿ ಕುಂಟುತ್ತಿತ್ತು. ಆದರೆ ದೊಡ್ಡ ದನಿ ಅದರದು, ಪಡಸಾಲೆ ತುಂಬಿತು.

ಕಟ್ಟೆ ಹತ್ತಿದವನು ಅಲ್ಲೇ ನಿಂತ. ಎಲ್ಲರೂ ನಿಂತರು. ನನ್ನ ಶಪಥ ಊರಿಗೆಲ್ಲ ಗೊತ್ತಿತ್ತಲ್ಲ. ಸೂರ್ಯಕಾಂತ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾಕೆ ತೆಗೆದ ಎಂದು ನನಗೆ ತಿಳಿಯಲಿಲ್ಲ.

"ನಿಮಗ ಗೊತ್ತಾಗ್ಯಾದಂತ ನನಗ ಗೊತ್ತಿರ್ಲಿಲ್ಲ ಅಕ್ಕಾರ" ಎಂದ. "ಅವತ್ತೇ ಹೇಳ್ಬೇಕಿತ್ತು. ಕೊರಳಾಗ ಹಾರ ಹಾಕ್ಕೊಂಡು ಹ್ಯಾಂಗ ಹೇಳ್ಲಿ? ಬಾಯಿ ಬರ್ಲಿಲ್ಲ."

ಹಾಡು ಮುಗಿಯಲು ಬಂದಿತ್ತು. ಒಳಗೆ ಕೂಗು ಶುರುವಾಗಿತ್ತು. ಸೆರಗಿನ ಗಂಟು ಹಲ್ಲಿನಿಂದ ಬಿಚ್ಚಿ ಒಂದು ಪೈಸೆ ಹಾಕಿದೆ. ಮತ್ತೆ ಮೊದಲಿನಿಂದ ಶುರುವಾಯಿತು. ಯಾವಾಗ ಎಂದು ಕೇಳುವಂತಿಲ್ಲ. ಹೇಗೆ ಎಂದು ಕೇಳುವಂತಿಲ್ಲ. ಇವರು ಇನ್ನು ಬರುವುದಿಲ್ಲ ಎಂದು ಗೊತ್ತಾಗಿಯೇ ನಾನು ಹಾಡು ಮುಗಿಸುತ್ತಿದ್ದೇನೆ ಎಂದು ತಿಳಿದು ಆ ಜನ ಕಟ್ಟೆಯ ಮೇಲೆ ನಿಂತದ್ದು. ಗೊತ್ತಿಲ್ಲ ಎಂದರೆ ನನ್ನನ್ನು ಹಿಡಿದು ಕೂರಿಸಲು, ಅತ್ತೆಯನ್ನು ಕರೆಯಲು ಒಳಗೆ ಬರುತ್ತಾರೆ.

"ನೀ ನೋಡಿದ್ದು ಹೇಳಪ್ಪ" ಎಂದೆ. ಹಿಡಿಕೆ ತಿರುಗಿಸುತ್ತಲೇ ಇದ್ದೆ.

ಅವನು ಹೇಳಿದ. ಅರ್ಧ ಕೇಳಿಸಿತು, ಅರ್ಧ ಪೇಟಿ ನುಂಗಿತು. ವಾಂತಿಭೇದಿ. ಕ್ಯಾಂಪಿನ ಬಾವಿಯ ನೀರು. ಪಂಚಮಿಯ ಮರುದಿನ. ಅಲ್ಲಿಯೇ ಹಳ್ಳದ ದಂಡೆಗೆ ಮಣ್ಣು ಮಾಡಿದರು, ಅಯ್ಯನವರೊಬ್ಬರು ಇದ್ದರು. ಆಮೇಲೆ ಅವನು ಹತ್ತಿರ ಬಂದ.

"ಓಡೂವಾಗ ಹಾಡು ನಡುವೇ ನಿಂತದ್ದು ಅವ್ರಿಗಿ ಕೇಳ್ಸಿತ್ತಂತ. ಕಡೀಕ ಇದೇ ಅಂದ್ರು ಅಕ್ಕಾರ. ಆಕಿ ಹಟಮಾರಿ, ಪೇಟಿ ಮುಟ್ಟಿರಾಂಗಿಲ್ಲ. ಕೀಲಿ ಕೊಟ್ಟು ಹಾಡು ಮುಗಸು, ಇಲ್ಲಾಂದ್ರ ಹಲ್ಲು ಮುರೀತಾವ ಅಂತ ಹೇಳು ಅಂದ್ರು. ನೀವು ಮುಗಿಸಿದ್ರಿ. ನಾ ಹೇಳ್ದೇನೇ ಮುಗಿಸಿದ್ರಿ."

ಇನ್ನೊಂದು ಪೈಸೆ ಹಾಕಿದೆ. ಅವರು ಒಬ್ಬೊಬ್ಬರೇ ಕೈಮುಗಿದು ಇಳಿದು ಹೋದರು. ಬೀದಿಯ ತಿರುವು ದಾಟುವವರೆಗೆ ಹಾಡಿಸಿದೆ. ಗಂಟಿನಲ್ಲಿದ್ದ ಪೈಸೆ ಮುಗಿಯುವವರೆಗೆ ಹಾಡಿಸಿದೆ. ಪೇಟಿ ನಿಂತ ಮೇಲೆ ಒಳಗೆ ಕೂಸು ಅಳುತ್ತಿತ್ತು. ಹೆಣ್ಣು ಎಂದು ಅತ್ತೆ ಕೂಗಿದಳು. ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಅತ್ತೆಗೆ ಏನು ಹೇಳಿದೆ ನೆನಪಿಲ್ಲ. ಬಳೆ ಒಡೆದದ್ದು ನೆನಪಿದೆ. ಖಮರಣ್ಣ ಗೋಡೆಯ ಕಡೆ ಮುಖ ಮಾಡಿ ಕುಳಿತುಬಿಟ್ಟಿದ್ದರು.

ಪಂಚಮಿಯ ದಿನ ನಾನು ಜೋಕಾಲಿ ಆಡಿದ್ದೆ. ಅವರು ಅಲ್ಲಿ ನೆಲದ ಮೇಲೆ ಬಿದ್ದಿದ್ದರು. ಉಂಡಿ ಕಟ್ಟಿದ್ದೆ, ಅಯ್ಯೋ, ಉಂಡಿ ಕಟ್ಟಿದ್ದೆ.

೬ ಅಕ್ಟೋಬರ್, ಬುಧವಾರ

ಕಪ್ಪಿನ ಚೂರುಗಳನ್ನು ತಿಪ್ಪೆಗೆ ಚೆಲ್ಲಿದೆ.

೧೯ ಅಕ್ಟೋಬರ್, ಮಂಗಳವಾರ

ಅನ್ನ ಬೇಡ, ನೀರು ಬೇಡ ಎಂದು ಮಲಗಿದ್ದೆನಂತೆ. ಕೂಸನ್ನು ತಂದು ನನ್ನ ಮಗ್ಗುಲಲ್ಲಿ ಹಾಕಿ ಅತ್ತೆ ಹೊಲಕ್ಕೆ ಹೋಗಿಬಿಡುತ್ತಾಳೆ. ಅಳುವ ಕೂಸಿನ ಪಕ್ಕ ಸಾಯಲೂ ಆಗುವುದಿಲ್ಲ. ಎದ್ದು ತೊಟ್ಟಿಲು ಕಟ್ಟಿದೆ. ಮಡಿ ಮಡಿ ಎನ್ನುತ್ತಿದ್ದ ಅತ್ತೆ ಈಗ ಕೂಸಿನ ಮೂಗು ನಮ್ಮ ಮನೆತನದ್ದು ಎನ್ನುತ್ತಾಳೆ. ಹ್ಯಾಂಗ ಸಾಧ್ಯ ಎಂದು ಕೇಳಿದರೆ ಸಿಟ್ಟು.

೧೪ ನವೆಂಬರ್, ರವಿವಾರ

ದಾರಿ ಶಾಂತವಾಗಿದೆ. ಅಳಿಯ ಹುಮನಾಬಾದಿನಿಂದ ಬಂದು ತಂದೆ ಮಗಳನ್ನು ಕರೆದುಕೊಂಡು ಹೋದ. ಮಾಪಣ್ಣನ ಬಂಡಿಯಲ್ಲೇ ಹೋದರು. ಬಂಡಿ ಕಣ್ಮರೆಯಾಗುವವರೆಗೆ ನಿಂತೆ. ಒಳಗೆ ಬಂದು ಕಸಬರಿಗೆ ಹಿಡಿದವಳು ಮತ್ತೆ ಮೂಲೆಗೆ ಇಟ್ಟೆ. ನಾಳೆ ಗುಡಿಸಿದರಾಯಿತು.

ಹೋಗುವ ಮುಂಚೆ ಖಮರಣ್ಣ ಎರಡು ದಿನ ಪೇಟಿ ಬಿಚ್ಚಿ ಕುಳಿತಿದ್ದರು. ಮುರಿದ ಹಲ್ಲುಗಳಿಗೆ ಅವರ ಕೈಯಲ್ಲಿ ಮದ್ದಿಲ್ಲವಂತೆ, ಅಂಥ ಉಕ್ಕು ಮಾಡುವ ಕಾರ್ಖಾನೆಯೇ ಈಗ ಉಳಿದಿಲ್ಲವಂತೆ. ಆದರೆ ಒಳಗಿನ ಸನ್ನೆಯನ್ನು ಅರದಿಂದ ತೇಯ್ದು ಹಗುರ ಮಾಡಿದ್ದಾರೆ.

"ಕಲ್ದಾರ ಇರ್ಲಿ, ಹಾಲಿ ಇರ್ಲಿ, ಇನ್ನ ಯಾರ ದುಡ್ಡಿಗಾದ್ರೂ ಹಾಡ್ತದ ತಂಗೀ" ಎಂದರು. ಆಮೇಲೆ, "ಇದು ಮೊದಲೇ ಮಾಡಿದ್ರ..." ಎಂದು ಅರವನ್ನು ಒರೆಸತೊಡಗಿದರು.

"ಅವರ ಬಾಯಿಗಿ ಮತ್ತೊಂದು ಸಿಕ್ತಿತ್ತು ಬಿಡ್ರಿ ಅಣ್ಣ" ಎಂದೆ. ಇಬ್ಬರೂ ನಕ್ಕೆವು. ನಗುತ್ತ ನಗುತ್ತ ಇಬ್ಬರ ಕಣ್ಣಲ್ಲೂ ನೀರು ಬಂತು.

೨೦ ನವೆಂಬರ್, ಶನಿವಾರ

ಕಲಬುರಗಿಗೆ ಹೋಗುವುದಿಲ್ಲ. ಇಲ್ಲೇ ರಸ್ತೆಗೆ ಚಹಾದ ಅಂಗಡಿ ಇಡುತ್ತೇನೆ. ಬಾಳೆಹಣ್ಣಿನ ಬಂಡಿಯವರು ಬೆಳಗ್ಗೆ ಇಲ್ಲೇ ನಿಲ್ಲುತ್ತಾರೆ.

ಇವತ್ತು ಮನೆಯಲ್ಲಿ ಯಾರೂ ಇರಲಿಲ್ಲ. ಕೀಲಿ ಕೊಟ್ಟು ಒಂದು ಹಾಲಿ ದುಡ್ಡು ಹಾಕಿದೆ. ಹಾಡಿತು. ಒಂದು ಹಗುರ ದುಡ್ಡಿಗೆ, ಯಾವ ತಕರಾರೂ ಇಲ್ಲದೆ. ಇಷ್ಟೇ ಆಗಬೇಕಿತ್ತು ಅವತ್ತು.

ಎತ್ತುಗಳು ಚುರುಕಾಗುವ ಕಡೆ ಹಲ್ಲಿಲ್ಲದ ಜಾಗ ಬರುತ್ತದೆ. ಅಲ್ಲಿ ಎರಡು ಸ್ವರ ಇಲ್ಲ. ಈ ಸವತಿಯ ಹಾಡನ್ನು ನಾನು ಒಂದು ದಿನವೂ ಕಿವಿಗೊಟ್ಟು ಕೇಳಿದವಳಲ್ಲ, ಚಹಾ ಸೋಸುತ್ತಲೇ ಇದ್ದವಳು. ಆದರೆ ಆ ಜಾಗ ಬಂದಾಗ ಆ ಎರಡು ಸ್ವರ ನನ್ನ ಬಾಯಿಂದ ಬಂದವು. ತಪ್ಪಿಲ್ಲದೆ ಬಂದವು. ಹಾಡು ಮುಗಿಯಿತು. ಇನ್ನೊಂದು ದುಡ್ಡು ಹಾಕಿ ಮತ್ತೆ ಅಲ್ಲಿಗೆ ಬರುವವರೆಗೆ ಕಾದು ನಿಂತೆ.